ಕಾವು ನೋಡುವ ಕೈ

ಅವ್ವನ ಹಣೆ ಮುಟ್ಟಿ ನೋಡಿ "ಏನಿಲ್ಲ" ಎಂದದ್ದು ಯಾರು ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಪ್ಪ. ಚಿಕ್ಕಮ್ಮ ಹಾಗೆ ಹೇಳಿದಳು, ಊರು ಹಾಗೆ ಹೇಳಿತು, ಅಪ್ಪ ಅಲ್ಲವೆನ್ನಲಿಲ್ಲ. ನನಗೂ ಹಾಗೆಯೇ ನೆನಪಿತ್ತು. ಅಪ್ಪ ಕಾಫಿ ಕಣದಿಂದ ಓಡಿ ಬಂದದ್ದು, ಬಗ್ಗಿದ್ದು, ಕೈಗೆ ಅಂಟಿದ್ದ ಹಣ್ಣಿನ ಸಿಪ್ಪೆಯ ಕಂದು ಬಣ್ಣ ಅವ್ವನ ಹಣೆಯ ಮೇಲೆ ಉಳಿದದ್ದು, ಅದನ್ನು ನಾನು ವೇಲಿನ ತುದಿಯಿಂದ ಒರೆಸಿದ್ದು. ಎರಡು ವರ್ಷ ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಅಪ್ಪನೊಂದಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಆ ಚಿತ್ರ ತಪ್ಪೆಂದು ನನಗೆ ತಿಳಿದದ್ದು ಹೇಗೆ, ತಿಳಿದ ಮೇಲೆ ಏನಾಯಿತು ಎಂಬುದನ್ನು ಬರೆದಿಡುತ್ತಿದ್ದೇನೆ. ಇದರಲ್ಲೂ ತಪ್ಪಿರಬಹುದು. ಇದ್ದರೆ ಎಲ್ಲಿ ಎಂದು ಹೇಳಲು ಈಗ ಯಾರೂ ಇಲ್ಲ.

ನಮ್ಮದು ಕುಂದೂರು ಹೋಬಳಿಯ ಒಂದು ಹಳ್ಳಿ. ನಾಲ್ಕು ಎಕರೆ ಕಾಫಿ, ಒಂದಿಷ್ಟು ಗದ್ದೆ. ಕೊಯ್ದ ಹಣ್ಣನ್ನು ಮನೆಯ ಮುಂದಿನ ಕಣದಲ್ಲಿ ಹರಡಿ ಒಣಗಿಸುತ್ತಿದ್ದೆವು. ಸಂಜೆ ಇಬ್ಬನಿ ಬೀಳುವ ಮೊದಲು ಎಳೆದು ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಸರಿಯಾಗಿ ಒಣಗದ ಹಣ್ಣು ರಾಶಿಯ ಒಳಗೆ ಕಾವೇರುತ್ತದೆ. ಮೇಲೆ ಮುಟ್ಟಿದರೆ ತಣ್ಣಗೇ ಇರುತ್ತದೆ, ನಡುವೆ ಬೆವರಿ ಹುಳಿಯುತ್ತಿರುತ್ತದೆ. ಅದನ್ನು ಕಂಡುಹಿಡಿಯುವುದರಲ್ಲಿ ನಮ್ಮಪ್ಪನ ಕೈಗೆ ಸುತ್ತಲಿನ ನಾಲ್ಕಾರು ಊರಿನಲ್ಲಿ ಹೆಸರಿತ್ತು. ಬೇರೆಯವರ ಕಣಕ್ಕೂ ಕರೆದುಕೊಂಡು ಹೋಗುತ್ತಿದ್ದರು. ಹೋದವನು ಮೊದಲು ತಣ್ಣೀರು ಕೇಳುತ್ತಿದ್ದ. ಮೊಣಕೈವರೆಗೆ ತೊಳೆದು, ಟವೆಲಿನಲ್ಲಿ ಒರೆಸಿ, ಒಂದು ಬೀಡಿ ಸೇದುವಷ್ಟು ಹೊತ್ತು ಕೂರುತ್ತಿದ್ದ. ಬೀಡಿ ಬಿಟ್ಟ ಮೇಲೂ ಅಷ್ಟು ಹೊತ್ತು ಕೂರುವುದನ್ನು ಬಿಡಲಿಲ್ಲ. ಆಮೇಲೆ ರಾಶಿಯೊಳಗೆ ಕೈ ತೂರಿಸಿ, ಕಣ್ಣು ಮುಚ್ಚಿ, "ಬಿಚ್ಚಿ" ಅಥವಾ "ಇರ್ಲಿ" ಎನ್ನುತ್ತಿದ್ದ. ಎರಡೇ ಮಾತು.

ಸಣ್ಣವಳಿದ್ದಾಗ ನಾನೂ ತೂರಿಸಲು ಹೋದರೆ ಅಪ್ಪನಿಂದ ಬೈಸಿಕೊಳ್ಳುತ್ತಿದ್ದೆ.

"ಬಿಸಿಲಾಗೆ ಕುಣಿದು ಬಂದು ಕೈ ಇಕ್ತೀಯಲ್ಲೇ. ಕಾದಿರೋ ಕೈಗೆ ಕಾವು ಏನು ಗೊತ್ತಾದಾತು? ತೊಳ್ಕಂಡ್ ಬಾ ಮೊದ್ಲು."

ಮಕ್ಕಳಿಗೆ ಮೈ ಬಿಸಿಯಾದರೂ ಊರಿನ ಹೆಂಗಸರು ನಮ್ಮ ಜಗಲಿಗೆ ಬರುತ್ತಿದ್ದರು. ಅಪ್ಪ ಅದೇ ರೀತಿ ಕೈ ತೊಳೆದು ಹಿಂಗೈಯನ್ನು ಹಣೆಗೆ ತಾಗಿಸಿ, "ಆಲೂರಿಗೆ ಹೊರಡಿ" ಎಂದೋ "ಕಷಾಯ ಕುಡ್ಸಿ" ಎಂದೋ ಹೇಳುತ್ತಿದ್ದ. ಮನೆಯಲ್ಲಿ ಥರ್ಮಾಮೀಟರು ಇರಲಿಲ್ಲ. ಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ತೊಂಬತ್ತರ ದಶಕದ ಕೊನೆಗೆ ನಾನು ಉತ್ತರದ ಕಡೆಯ ಒಂದು ಸಂಶೋಧನಾ ಸಂಸ್ಥೆಗೆ ಸೇರಿದೆ. ನನ್ನ ಗೈಡ್ ಕೊಟ್ಟ ವಿಷಯ ನಮ್ಮ ಆಕಾಶಗಂಗೆಯ ನಡುಭಾಗ. ಬೇಸಿಗೆಯ ಇರುಳಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಆ ದಿಕ್ಕನ್ನು ಯಾರು ಬೇಕಾದರೂ ನೋಡಬಹುದು. ಆದರೆ ನಡುಭಾಗ ಕಾಣುವುದಿಲ್ಲ. ನಮಗೂ ಅದಕ್ಕೂ ನಡುವೆ ಧೂಳು ಅಷ್ಟು ದಟ್ಟವಾಗಿದೆ. ಅಲ್ಲಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷ ಕೋಟಿಗೆ ಒಂದು ಪಾಲು ನಮ್ಮನ್ನು ಮುಟ್ಟಿದರೆ ಹೆಚ್ಚು. ಕೆಂಪಿಗಿಂತ ಆಚೆಗಿನ ಬೆಳಕು, ಅವಕೆಂಪು ಎನ್ನುತ್ತಾರಲ್ಲ, ಅದು ಮಾತ್ರ ಧೂಳನ್ನು ಹಾದು ಹತ್ತರಲ್ಲಿ ಒಂದು ಪಾಲಿನಷ್ಟಾದರೂ ಬರುತ್ತದೆ. ಆ ಬೆಳಕಿನಲ್ಲಿ ನೋಡಿದರೆ ಕಪ್ಪಾಗಿದ್ದ ಜಾಗದಲ್ಲಿ ನಕ್ಷತ್ರಗಳು ಕಾಳು ಚೆಲ್ಲಿದ ಹಾಗೆ ಕಾಣುತ್ತವೆ. ತೀರಾ ಒಳಗಿನವು ಕಣ್ಣಿಗೆ ಕಾಣದ ಯಾವುದೋ ಭಾರವಾದದ್ದರ ಸುತ್ತ ಓಡುತ್ತಿವೆ ಎಂದು ಹೊರದೇಶದ ದೊಡ್ಡ ದೂರದರ್ಶಕಗಳಿಂದ ಆ ವರ್ಷಗಳಲ್ಲಿ ಸುದ್ದಿ ಬರುತ್ತಿತ್ತು. ನಮ್ಮದು ಸಣ್ಣ ದೂರದರ್ಶಕ. ಅಷ್ಟು ಒಳಗೆ ಹೋಗಲು ಆಗುತ್ತಿರಲಿಲ್ಲ. ಹೊರಸುತ್ತಿನ ನಕ್ಷತ್ರಗಳ ಹೊಳಪನ್ನು ಅಳೆಯುವುದಷ್ಟೇ ನನ್ನ ಕೆಲಸ.

ಇದನ್ನೆಲ್ಲ ಮೊದಲ ರಜೆಯಲ್ಲಿ ಮನೆಗೆ ಬಂದಾಗ ಅವ್ವನಿಗೆ ಹೇಳಲು ನೋಡಿದೆ. ಅವಳು ಬಚ್ಚಲ ಒಲೆಗೆ ಹಸಿ ಸೌದೆ ತುರುಕುತ್ತಿದ್ದಳು. ಹೊಗೆಯಲ್ಲಿ ಹಂಡೆಯೂ ಕಾಣುತ್ತಿರಲಿಲ್ಲ, ಅವಳೂ ಕಾಣುತ್ತಿರಲಿಲ್ಲ. ಕೆಮ್ಮಿನ ನಡುವೆ ಅವಳ ದನಿ ಬಂತು.

"ಇಷ್ಟೇ ತಾನೇ? ಹೊಗೆ ತುಂಬ್ಕಂಡು ಕೆಂಡ ಕಾಣಾಕಿಲ್ಲ. ಆದ್ರೂ ಮುಖಕ್ಕೆ ಕಾವು ಬಡೀತದೆ. ಅಲ್ಲಿ ಕೆಂಡ ಐತೆ ಅಂತ ಗೊತ್ತಾಯ್ತದೆ."

"ಅಷ್ಟೇ ಅವ್ವ. ಆದ್ರೆ ನಮ್ಮ ಯಂತ್ರಾನೇ ಬೆಚ್ಚಗಿದ್ರೆ ಅದ್ರ ಕಾವೇ ಅದಕ್ಕೆ ಕಾಣುತ್ತೆ. ಅದಕ್ಕೇ ದ್ರವ ಸಾರಜನಕ ಹಾಕಿ ತಣ್ಣಗೆ ಇಡ್ತೀವಿ. ಮಂಜುಗಡ್ಡೆಗಿಂತ ಎಷ್ಟೋ ತಣ್ಣಗೆ."

ಅವ್ವ ಹೊಗೆಯಿಂದ ಆಚೆ ಬಂದು ಕಣ್ಣೊರೆಸಿಕೊಂಡು ನಕ್ಕಳು. ಜಗಲಿಯ ಕಡೆ ತಿರುಗಿ ಕೂಗಿದಳು: "ಕೇಳಿದ್ರಾ? ನಿಮ್ಮ ಮಗಳು ಅಷ್ಟು ದೂರ ಹೋಗಿ ಕೈ ತೊಳ್ಯೋದು ಕಲೀತಾವ್ಳೆ. ಅದಕ್ಕೆ ಡಾಕ್ಟ್ರೇಟ್ ಕೊಡ್ತಾರಂತೆ. ನಿಮಗೂ ಒಂದು ಕೊಡ್ಸು ಅನ್ಲಾ?"

"ಎರಡು ಕೊಡ್ಸು ಅನ್ನು," ಎಂದ ಅಪ್ಪ. "ನಂದು ಎರಡು ಕೈ."

ಈ ಮಾತುಕತೆ ಹೀಗೇ ನಡೆಯಿತೆಂದು ಆಣೆ ಮಾಡಲಾರೆ. ಹೊಗೆಯ ಮಾತನ್ನು ಅವ್ವನೇ ಆಡಿದಳೋ, ನಾನು ಹೇಳಿಕೊಟ್ಟದ್ದನ್ನು ಅವಳ ಬಾಯಲ್ಲಿ ಇಟ್ಟಿದ್ದೇನೋ. ಅವಳು ನಕ್ಕದ್ದು ಮಾತ್ರ ನಿಜ. ಅದರ ಮರುವರ್ಷ ಜನವರಿಯಲ್ಲಿ ಅವಳು ತೀರಿಕೊಂಡಳು.

ಆ ಜನವರಿಯಲ್ಲೂ ನಾನು ರಜೆಗೆ ಬಂದಿದ್ದೆ. ಕೊಯ್ಲು ಜೋರಾಗಿತ್ತು, ಕಣ ತುಂಬಿತ್ತು. ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಬಿಸಲೆ ಘಾಟಿನ ಕಡೆಯಿಂದ ಮೋಡ ಕವಿಯಿತು. ಆ ತಿಂಗಳಲ್ಲಿ ಬರಬಾರದ ಮೋಡ. ಒಣಗಿದ ಕಾಫಿ ನೆನೆದರೆ ಕಪ್ಪಾಗುತ್ತದೆ, ಹಾಗಾಗಿ ಇದ್ದವರೆಲ್ಲ ಹಲಗೆ ಹಿಡಿದು ಹಣ್ಣನ್ನು ರಾಶಿಗೆ ಎಳೆಯಲು ನಿಂತೆವು. ಅವ್ವ ಮಾತ್ರ ಒಳಗೆ ಮಲಗಿದ್ದಳು. ಎರಡು ದಿನದಿಂದ ಮೈಕೈ ನೋವು ಎನ್ನುತ್ತಿದ್ದಳು, ಅಂದು ಚಳಿ ಎಂದಳು. ಯಾರೋ ಒಳಗೆ ಹೋಗಿ ಹಣೆ ಮುಟ್ಟಿ ನೋಡಿ, ಏನಿಲ್ಲ, ಸುಸ್ತು ಎಂದರು. ಮಳೆ ಬರಲಿಲ್ಲ. ಕಾಫಿ ಉಳಿಯಿತು. ಮಾರನೆಯ ದಿನ ಅವ್ವ ಎದ್ದು ಅನ್ನಕ್ಕಿಟ್ಟಳು, ಮತ್ತೆ ಮಲಗಿದಳು. ಅದರ ಮಾರನೆಯ ಬೆಳಿಗ್ಗೆ ಅವಳ ಕಣ್ಣು ಹಳದಿಯಾಗಿತ್ತು. ಜೀಪಿನಲ್ಲಿ ಆಲೂರಿಗೆ, ಅಲ್ಲಿಂದ ಹಾಸನಕ್ಕೆ ಒಯ್ದೆವು. ಇಲಿಜ್ವರ, ಕಿಡ್ನಿಗೆ ಇಳಿದಿದೆ ಎಂದರು. ನಾಲ್ಕು ದಿನ ಇದ್ದಳು. ಎರಡು ದಿನ ಮೊದಲು ತಂದಿದ್ದರೆ ಎಂದು ಡಾಕ್ಟರು ಮಾತು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಮಣ್ಣು ಮಾಡಿ ಬಂದ ಸಂಜೆ ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಚಿಕ್ಕಮ್ಮ, ಅವ್ವನ ತಂಗಿ, ಅಳುತ್ತಲೇ ಎದ್ದು ಬಂದು ಅವನ ಮುಂದೆ ನಿಂತಳು.

"ಊರೋರ ಮಕ್ಕಳ ಜ್ವರ ಎಲ್ಲಾ ಕಾಣ್ತದೆ ನಿಮ್ಮ ಕೈಗೆ. ಕಟ್ಕಂಡೋಳ ಜ್ವರ ಕಾಣ್ಲಿಲ್ವಾ ಭಾವ? ಕಾಫಿ ಕಾವು ನೋಡಾಕೆ ಪುರುಸೊತ್ತಿತ್ತು, ನಮ್ಮಕ್ಕನ ಹಣೆ ನೋಡಾಕೆ ಕೈ ತೊಳ್ಯಾಕೂ ಪುರುಸೊತ್ತಿಲ್ಲದಂಗೆ ಆಗ್ಬುಟ್ತಾ?"

ಜಗಲಿಯ ತುಂಬ ಜನ. ಅಪ್ಪ ತನ್ನ ಬಲಗೈಯನ್ನು ತೊಡೆಯ ಕೆಳಗೆ ಸರಿಸಿಕೊಂಡ. ನಾನು ಬಾಗಿಲಲ್ಲೇ ನಿಂತಿದ್ದೆ. ನನಗೆ ಅಪ್ಪ ಕಣದಿಂದ ಓಡಿ ಬಂದದ್ದು, ಬಗ್ಗಿದ್ದು ಕಂಡದ್ದು ಬಹುಶಃ ಆ ಗಳಿಗೆಯಲ್ಲೇ. ಅದಕ್ಕೆ ಮೊದಲು ಅಂಥ ಚಿತ್ರ ನನ್ನ ತಲೆಯಲ್ಲಿ ಇತ್ತೇ ಎಂದು ಈಗ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ.

ಅಲ್ಲಿಂದಾಚೆ ಅಪ್ಪ ರಾಶಿಗೆ ಕೈ ಹಾಕಲಿಲ್ಲ. ಯಾರ ಕಣಕ್ಕೂ ಹೋಗಲಿಲ್ಲ. ಮಗುವನ್ನು ಎತ್ತಿಕೊಂಡು ಬಂದ ಹೆಂಗಸಿಗೆ ಕೂತಲ್ಲಿಂದ ಏಳದೆ, "ಆಲೂರಾಗೆ ಡಾಕ್ಟ್ರು ಅವ್ರೆ, ಕರ್ಕಂಡು ಹೋಗವ್ವ," ಎಂದನಂತೆ. ಅವ್ವನ ಮೊದಲ ವರ್ಷದ ತಿಥಿಗೆ ನಾನು ಬಂದಾಗ ಮತ್ತೆ ಕೊಯ್ಲಿನ ಕಾಲ. ಸಕಲೇಶಪುರದಿಂದ ಪ್ರತಿ ವರ್ಷ ಕಾಫಿ ಕೊಳ್ಳಲು ಬರುತ್ತಿದ್ದ ವ್ಯಾಪಾರಿ ಸಾಹೇಬರು ಬಂದಿದ್ದರು. ಅಪ್ಪನ ವಯಸ್ಸಿನವರು, ತಮಾಷೆಯ ಮನುಷ್ಯ. ತೇವ ಅಳೆಯುವ ಮಿಷನ್ ಅವರ ಜೀಪಿನಲ್ಲಿ ಯಾವಾಗಲೂ ಇರುತ್ತಿತ್ತು, ಆದರೆ ನಮ್ಮ ಕಣದಲ್ಲಿ ಅದನ್ನು ಕೆಳಗಿಳಿಸಿದ್ದನ್ನು ನಾನು ನೋಡಿರಲಿಲ್ಲ. "ಗೌಡ್ರ ಕೈ ಇರುವಾಗ ಈ ಡಬ್ಬಾ ಯಾಕ್ರಿ" ಎನ್ನುತ್ತಿದ್ದರು. ಆ ಸಲ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಫಿ ತೆಗೆದು ಮೂಸಿದರು. ಮತ್ತೊಂದು ಚೀಲದಿಂದ ತೆಗೆದು ಮೂಸಿದರು.

"ಏನ್ ಗೌಡ್ರೆ, ಕಾಫಿ ಮಾಡಿದ್ರೋ, ಹೆಂಡ ಇಳಿಸಿದ್ರೋ?"

ಯಾರೂ ನಗದಿದ್ದಾಗ ಅವರಿಗೆ ಅರ್ಥವಾಯಿತು. ದನಿ ತಗ್ಗಿಸಿ, "ನಿಮ್ಮ ಕಣದಾಗೆ ಹಿಂಗಾಗ್ಬಾರ್ದಿತ್ತು ಮಾರಾಯ್ರೆ. ನೀವು ಕೈ ಇಟ್ಟು ನೋಡ್ಲಿಲ್ವಾ?" ಎಂದರು.

"ಮಿಷನ್ ಇಡಿ ಸಾಹೇಬ್ರೆ."

"ಅಲ್ಲ, ನಿಮ್ಮ ಕೈ..."

"ಆ ಕೈ ಅವಳ ಜೊತೆ ಹೋಯ್ತು. ಮಿಷನ್ ಇಡಿ."

ಸಾಹೇಬರು ಜೀಪಿನ ಕಡೆ ಹೋದವರು ಸುಮಾರು ಹೊತ್ತು ಬರಲಿಲ್ಲ. ನಾನು ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡಿದೆ. ನನ್ನ ಮನಸ್ಸಿನಲ್ಲಿ ಆಗ ಬಂದ ಮಾತನ್ನು ಮುಚ್ಚಿಡಬಾರದು. ಆಗಬೇಕಾದ್ದೇ ಎಂದುಕೊಂಡೆ.

ಆ ವರ್ಷದ ಮೇ ತಿಂಗಳಲ್ಲಿ ಬೆಟ್ಟದ ಮೇಲಿನ ದೂರದರ್ಶಕದಲ್ಲಿ ನನಗೆ ಕೆಲವು ರಾತ್ರಿಗಳು ಸಿಕ್ಕವು. ಅವಕೆಂಪಿನಲ್ಲಿ ನೋಡುವವರ ದೊಡ್ಡ ತೊಂದರೆಯೆಂದರೆ ಕತ್ತಲೆ ಎಂಬುದೇ ಇಲ್ಲದಿರುವುದು. ಆಕಾಶವೇ ಹೊಳೆಯುತ್ತಿರುತ್ತದೆ, ದೂರದರ್ಶಕದ ಕಬ್ಬಿಣವೂ ತನ್ನ ಕಾವನ್ನು ಚೆಲ್ಲುತ್ತಿರುತ್ತದೆ. ಬೇಕಾದ ನಕ್ಷತ್ರ ಆ ಹೊಳಪಿನಲ್ಲಿ ಮುಳುಗಿಹೋಗಿರುತ್ತದೆ. ಅದಕ್ಕಾಗಿ ಮೊದಲು ಬೇಕಾದ ಕಡೆ ಒಂದು ಚಿತ್ರ ತೆಗೆಯುತ್ತೇವೆ. ಆಮೇಲೆ ದೂರದರ್ಶಕವನ್ನು ಪಕ್ಕಕ್ಕೆ ಸರಿಸಿ, ಏನೂ ಇಲ್ಲದ ಖಾಲಿ ಆಕಾಶದ ಚಿತ್ರ ತೆಗೆಯುತ್ತೇವೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಆಕಾಶದ ಹೊಳಪು ಹೋಗಿ ನಕ್ಷತ್ರ ಉಳಿಯುತ್ತದೆ. ಆಕಾಶಗಂಗೆಯ ನಡುಭಾಗದಲ್ಲಿ ಖಾಲಿ ಜಾಗ ಸಿಗುವುದೇ ಕಷ್ಟ, ಎಲ್ಲಿ ತಿರುಗಿಸಿದರೂ ನಕ್ಷತ್ರ. ಹಾಗಾಗಿ ದೂರ ಸರಿದು, ಬೇರೆಬೇರೆ ಜಾಗದಲ್ಲಿ ಐದು ಖಾಲಿ ಚಿತ್ರಗಳನ್ನು ತೆಗೆದು, ಪ್ರತಿ ಚುಕ್ಕೆಗೂ ಐದರಲ್ಲಿ ನಡುವೆ ಬೀಳುವ ಬೆಲೆಯನ್ನು ಕಳೆಯಬೇಕು. ಒಂದರಲ್ಲಿ ನಕ್ಷತ್ರ ಸಿಕ್ಕಿಬಿದ್ದರೂ ಉಳಿದ ನಾಲ್ಕು ಅದನ್ನು ಅಳಿಸುತ್ತವೆ.

ಒಂದು ಚಿತ್ರದಲ್ಲಿ ನಕ್ಷತ್ರಗಳ ನಡುವೆ ಕಪ್ಪು ಗುಳಿಯೊಂದು ಕಂಡಿತು. ದುಂಡಗೆ, ಅಂಚು ಕೊರೆದಂತೆ. ನಮಗೂ ನಡುಭಾಗಕ್ಕೂ ನಡುವೆ ತೂಗುತ್ತಿರುವ, ಇನ್ನೂ ಯಾರೂ ನೋಡದ ಸಣ್ಣ ಧೂಳಿನ ಮೋಡವೇನೋ ಎಂದು ಮೂರು ದಿನ ಸಂಭ್ರಮಪಟ್ಟೆ. ಅವ್ವ ಹೋದ ಮೇಲೆ ಮೊದಲ ಸಲ ಊಟ ರುಚಿಸಿತು. ನಾಲ್ಕನೆಯ ದಿನ ಗೈಡ್ ಎದುರಿಗೆ ಚಿತ್ರವಿಟ್ಟೆ. ಅವರು ಹೆಚ್ಚು ಮಾತಿನವರಲ್ಲ.

"ಖಾಲಿ ಚಿತ್ರ ಎಷ್ಟು ತೆಗೆದಿರಿ?"

"ಐದು, ಸರ್."

"ಖಂಡಿತವಾಗಿ?"

"ನನಗೆ ಚೆನ್ನಾಗಿ ನೆನಪಿದೆ ಸರ್. ಐದನೆಯದು ತೆಗೆಯುವಾಗ ಗುಮ್ಮಟ ತಿರುಗುವ ಮೋಟರು ಒಂದು ಥರ ಸದ್ದು ಮಾಡಿತು. ಆಪರೇಟರ್ ಎದ್ದು ಹೋಗಿ ನೋಡಿ ಬಂದರು."

"ನೆನಪಿನಿಂದ ಹೇಳಬೇಡಿ. ಲಾಗ್‌ಬುಕ್ ತನ್ನಿ."

ತಂದೆ. ನನ್ನದೇ ಅಕ್ಷರ. ಆ ಹೊತ್ತಿನ ಸಾಲಿನಲ್ಲಿ ಖಾಲಿ ಚಿತ್ರ: ಒಂದು. ಮೋಡ ಬರುತ್ತಿದೆ, ಬೇಗ ಮುಗಿಸಿದೆ ಎಂದು ಪಕ್ಕದಲ್ಲಿ ಬರೆದಿದ್ದೆ. ಮೋಟರಿನ ಸದ್ದು, ಐದು ಚಿತ್ರ, ಎಲ್ಲ ನಿಜವೇ. ಅವು ಹಿಂದಿನ ರಾತ್ರಿಯವು. ಎರಡು ರಾತ್ರಿಗಳನ್ನು ನನ್ನ ತಲೆ ಹೊಲಿದು ಒಂದು ಮಾಡಿತ್ತು, ಹೊಲಿಗೆ ಕಾಣದ ಹಾಗೆ.

"ಆ ಗುಳಿ ಇರುವಲ್ಲಿ ಏನೂ ಇಲ್ಲ," ಎಂದರು ಗೈಡ್. "ನೀವು ಖಾಲಿ ಅಂದುಕೊಂಡ ಕಡೆ ಒಂದು ನಕ್ಷತ್ರ ಇತ್ತು. ಅದನ್ನು ಇಲ್ಲಿ ಕಳೆದಿದ್ದೀರಿ. ಮತ್ತೆ ತೆಗೆಯೋಣ. ಯಾರಿಗಾದರೂ ಆಗುತ್ತದೆ."

ಅವರು ಬೈಯಲಿಲ್ಲ. ಆದರೆ ಮೋಡ ಬರುತ್ತಿದೆ ಎಂದು ಅವಸರ ಮಾಡಿದ ಇನ್ನೊಂದು ದಿನ ನನಗೆ ನೆನಪಾಯಿತು. ಅದಕ್ಕೂ ಒಂದು ಬರಹ ಇತ್ತು. ಆಲೂರಿನ ಗೊಬ್ಬರದ ಅಂಗಡಿಯವರು ಪ್ರತಿ ವರ್ಷ ಅಪ್ಪನಿಗೆ ಕೊಡುತ್ತಿದ್ದ ಡೈರಿಯಲ್ಲಿ ನಾನು ಹದಿನೈದನೆಯ ವಯಸ್ಸಿನಿಂದ ಬರೆಯುತ್ತಿದ್ದೆ. ಆ ಜನವರಿಯ ಡೈರಿಯಲ್ಲಿ ಹತ್ತು ಹನ್ನೆರಡು ಪುಟ ತುಂಬಿತ್ತಷ್ಟೆ. ಅವ್ವನನ್ನು ಹಾಸನಕ್ಕೆ ಒಯ್ದ ದಿನ ಅದನ್ನು ಟ್ರಂಕಿಗೆ ಹಾಕಿದವಳು ಮತ್ತೆ ತೆರೆದಿರಲಿಲ್ಲ. ಮೊದಲ ತಿಥಿಗೆ ಹೋದಾಗಲೂ ಆ ಟ್ರಂಕಿನ ಮೇಲೆಯೇ ಕೂತು ತಲೆ ಬಾಚಿಕೊಂಡಿದ್ದೆ.

ಮೇ ತಿಂಗಳಲ್ಲೇ ಊರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಕೆಲಸವಿದೆ ಎಂದು ಕಾಗದ ಬರೆದೆ. ಕೆಲಸ ಇತ್ತು ಕೂಡ. ಎರಡನೆಯ ತಿಥಿಗೆ, ಜನವರಿಯಲ್ಲಿ, ಹೋಗಲೇಬೇಕಾಯಿತು.

ಹೋದ ದಿನವೇ ಟ್ರಂಕು ತೆರೆದೆ. ಆ ಪುಟವನ್ನು ಇಲ್ಲಿ ಇದ್ದ ಹಾಗೇ ಇಳಿಸುತ್ತೇನೆ:

"ಮಧ್ಯಾಹ್ನ ಮೋಡ. ಎಲ್ಲರೂ ಕಣದಲ್ಲಿ. ಅವ್ವನಿಗೆ ಚಳಿಯಂತೆ. ಹೋಗಿ ಮುಟ್ಟಿ ನೋಡಿದೆ, ಅಷ್ಟೇನೂ ಬಿಸಿ ಇಲ್ಲ. ಸುಸ್ತಿರಬೇಕು. ಹಣೆಗೆಲ್ಲ ಕಾಫಿ ಮೆತ್ತಿಬಿಟ್ಟೆ, ಒರೆಸಿದೆ, ಅವ್ವ ನಕ್ಕಳು. ಅಪ್ಪನಿಗೆ ಏನಿಲ್ಲ ಅಂತ ಹೇಳಿದೆ. ಅಪ್ಪ ಕಣ ಬಿಟ್ಟು ಬರಲೇ ಇಲ್ಲ, ಊಟಾನೂ ಅಲ್ಲೇ. ರಾತ್ರಿ ಕಣದಲ್ಲೇ ಮಲಗ್ತಾನಂತೆ. ಮಳೆ ಬರಲಿಲ್ಲ, ಸದ್ಯ."

ಹಣೆಯ ಮೇಲಿನ ಕಂದು ಗುರುತು ನಿಜ. ಒರೆಸಿದ್ದು ನಿಜ. ಕೈ ಮಾತ್ರ ನನ್ನದು. ಬಿಸಿಲಿಗೆ ಕಾದ ಕಾಫಿಯನ್ನು ಒಂದು ಗಂಟೆ ಎಳೆದ ಕೈ, ತೊಳೆಯದ ಕೈ. ವರ್ಷಗಟ್ಟಲೆ ಅಪ್ಪ ಬೈದು ಹೇಳಿಕೊಟ್ಟದ್ದು, ಆಮೇಲೆ ಉಪಕರಣಕ್ಕೆ ದ್ರವ ಸಾರಜನಕ ಸುರಿಯುತ್ತ ದಿನವೂ ನಾನೇ ಮಾಡುತ್ತಿದ್ದದ್ದು, ಬೇಕಾದ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಅವ್ವನ ನಗುವಂತೂ ನನಗೆ ಪೂರ್ತಿ ಮರೆತಿತ್ತು. ಅಪ್ಪನ ಕೈಯನ್ನು ಅಲ್ಲಿ ತಂದು ಕೂರಿಸಲು ಅವಳ ನಗುವನ್ನು ತೆಗೆಯಬೇಕಾಗಿತ್ತೇನೋ.

ಅಪ್ಪನಿಗೆ ಹೇಳಬೇಕು. ಅಷ್ಟು ಮಾತ್ರ ಗೊತ್ತಿತ್ತು. ಹೇಳಿದರೆ ಅವನ ಕೈ ಅವನಿಗೆ ವಾಪಸು ಸಿಗುತ್ತದೆ ಎಂದುಕೊಂಡಿದ್ದೆ.

ತಿಥಿಯ ಮಾರನೆಯ ಸಂಜೆ ನೆಂಟರೆಲ್ಲ ಹೋದ ಮೇಲೆ ಕಣಕ್ಕೆ ಹೋದೆ. ಅಪ್ಪ ಒಬ್ಬನೇ ರಾಶಿಗೆ ಟಾರ್ಪಾಲು ಎಳೆಯುತ್ತಿದ್ದ. ಇನ್ನೊಂದು ತುದಿ ನಾನು ಹಿಡಿದೆ.

"ಅಪ್ಪ, ಅವತ್ತು ಅವ್ವನ್ನ ಮುಟ್ಟಿ ನೋಡಿದ್ದು ನೀನಲ್ಲ. ನಾನು. ಡೈರೀಲಿ ಬರ್ದಿದ್ದೀನಿ, ಈಗ ನೋಡಿದೆ."

ಅವನು ಟಾರ್ಪಾಲಿನ ಮೂಲೆಗೆ ಕಲ್ಲು ಹೇರಿದ.

"ಗೊತ್ತು ಕಣವ್ವ."

"ಗೊತ್ತಾ?"

"ನೀನೇ ತಾನೇ ಇಲ್ಲಿಗೆ ಬಂದು ಕೂಗಿ ಹೇಳಿದ್ದು, ಏನಿಲ್ಲ ಕಣಪ್ಪ ಅಂತ. ಮರೆಯಾಕೆ ನನಗೇನು ಅರಳುಮರುಳಾ?"

"ಮತ್ತೆ ಚಿಕ್ಕಮ್ಮ ಅಷ್ಟು ಜನದ ಮುಂದೆ ಅಂದಾಗ ಯಾಕೆ ಸುಮ್ಕಿದ್ದೆ? ನಾನು ಎರಡು ವರ್ಷ ನಿನ್ನ..."

ಅಪ್ಪ ಬಲಗೈಯನ್ನು ಹೆಗಲ ಟವೆಲಿನಲ್ಲಿ ಸುತ್ತಿಕೊಂಡು ರಾಶಿಯ ಆ ಕಡೆ ಕೂತ. ನನಗೆ ಅವನ ತಲೆ ಮಾತ್ರ ಕಾಣುತ್ತಿತ್ತು.

"ಅವಳು ಅಂದಿದ್ದು ಸುಳ್ಳೇನಲ್ಲ. ನಾನೂ ಮುಟ್ಟಿದ್ದೆ."

"ನೀನು ಇಲ್ಲೇ ಮಲ್ಗಿದ್ದೆಯಲ್ಲ."

"ರಾತ್ರಿ ನಡುವೆ ಒಂದು ಸಲ ಎದ್ದು ಬಂದೆ. ನೀನು ಅವಳ ಮಗ್ಗುಲಾಗೇ ನಿದ್ದೆ ಹೋಗಿದ್ದೆ. ತೊಟ್ಟಿ ನೀರಾಗೆ ಕೈ ತೊಳ್ಕಂಡೇ ಬಂದಿದ್ದೆ. ಇಟ್ಟು ನೋಡ್ದೆ. ಬಿಸಿ ಇತ್ತು."

"ಬಿಸಿ ಇತ್ತಾ?"

"ಇತ್ತು. ಆದ್ರೆ ಕೈ ಚಳಿಗೆ ಸೆಟೆದು ಹೋಗಿತ್ತಲ್ಲ. ತೀರಾ ತಣ್ಣಗಿದ್ರೂ ಮೋಸವೇ, ಎಲ್ಲಾ ಬಿಸಿಯಾಗೇ ಕಾಣ್ತದೆ. ನನಗೆ ಸಂಶಯ ಬಂತು. ಮಗಳು ನೋಡ್ಯವ್ಳೆ, ಏನಿಲ್ಲ ಅಂದವ್ಳೆ. ಓದ್ದೋಳು. ಕಾವು ಅಳೆಯೋದೇ ಅವಳ ಓದು. ನನ್ನ ಕೈಯೇ ಸುಳ್ಳು ಹೇಳ್ತಾ ಐತೆ ಅಂದ್ಕಂಡೆ. ಹೊದ್ಕೆ ಸರಿ ಮಾಡಿ ಬಂದು ಮಲಿಕ್ಕಂಡೆ."

ಅವನು ಇದನ್ನು ಹೇಳಿದ ರೀತಿಯಲ್ಲಿ ದೂರು ಇರಲಿಲ್ಲ. ಹಿಂದಿನ ವರ್ಷದ ಮಳೆಯ ವಿಷಯ ಹೇಳುವ ಹಾಗೆ ಹೇಳಿದ. ನಾನು ನನ್ನ ಕಡೆಯ ಟಾರ್ಪಾಲಿನ ಹಗ್ಗವನ್ನು ಕಲ್ಲಿಗೆ ಸುತ್ತಿ ಕಟ್ಟಿದೆ. ಇಷ್ಟು ದಿನ ಅವನು ರಾಶಿಗೆ ಕೈ ಹಾಕದಿದ್ದದ್ದು ಆ ಕೈ ತಪ್ಪು ಹೇಳಿತೆಂದಲ್ಲ; ಸರಿಯಾಗಿ ಹೇಳಿದ ಒಂದು ಸಲ ಅದನ್ನು ತಾನೇ ನಂಬಲಿಲ್ಲ ಎಂದು. ನಂಬದ ಹಾಗೆ ಮಾಡಿದವಳು ನಾನು.

ಇದು ನನ್ನ ಡೈರಿಯಲ್ಲಿಲ್ಲ. ಇರಲು ಸಾಧ್ಯವೂ ಇಲ್ಲ, ನಾನು ನಿದ್ದೆ ಮಾಡುತ್ತಿದ್ದೆ. ಅಪ್ಪ ನಿಜಕ್ಕೂ ಬಂದಿದ್ದನೋ, ನನ್ನೊಬ್ಬಳ ಮೇಲೆ ಬೀಳದಿರಲಿ ಎಂದು ಆ ಸಂಜೆ ಕಟ್ಟಿ ಹೇಳಿದನೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕಟ್ಟಿ ಹೇಳುವುದಾಗಿದ್ದರೆ ಇಷ್ಟು ನೋಯಿಸುವಂಥದ್ದನ್ನು ಹೇಳುತ್ತಿರಲಿಲ್ಲ. ಅವನಿಗೆ ಅದು ನೋಯಿಸುವ ಮಾತೆಂದು ಗೊತ್ತಿತ್ತೋ ಇಲ್ಲವೋ ಅದೂ ಗೊತ್ತಿಲ್ಲ.

"ಕೈ ಇಟ್ಟು ನೋಡು," ಎಂದ ಅಪ್ಪ.

"ಏನು?"

"ರಾಶಿ. ನಿನ್ನೆ ಕೊಯ್ದ ಹಣ್ಣೂ ಇದ್ರಾಗೆ ಸೇರ್ಕಂಡೈತೆ. ನೋಡು."

ತೊಟ್ಟಿಗೆ ಹೋಗಿ ಮೊಣಕೈವರೆಗೆ ತೊಳೆದೆ. ಜನವರಿಯ ನೀರು, ಮೂಳೆಗೆ ತಾಗಿತು. ವೇಲಿನಲ್ಲಿ ಒರೆಸಿಕೊಂಡೆ. ಅವನು ಕೂರುತ್ತಿದ್ದಷ್ಟು ಹೊತ್ತು ಕಣದ ಕಟ್ಟೆಯ ಮೇಲೆ ಕೂತೆ. ಟಾರ್ಪಾಲಿನ ಅಂಚು ಎತ್ತಿ ಕೈ ತೂರಿಸಿ ಕಣ್ಣು ಮುಚ್ಚಿದೆ. ಮೊದಲು ಒರಟು ಸಿಪ್ಪೆ, ತಣ್ಣಗೆ. ಇನ್ನೂ ಒಳಗೆ ಹೋದಂತೆ ಬೆಚ್ಚಗಾಯಿತು. ಬೆಚ್ಚಗೋ, ಬಿಸಿಯೋ. ಕೈ ಎಷ್ಟು ತಣ್ಣಗಿದೆ ಎಂದು ತಿಳಿಯದೆ ಅದನ್ನು ಹೇಳುವುದು ಹೇಗೆ?

"ಹೆಂಗೈತೆ?"

"ಗೊತ್ತಾಗ್ತಿಲ್ಲ ಅಪ್ಪ. ನೀನೊಂದು ಸಲ ನೋಡು."

ಅಪ್ಪ ಎದ್ದು ರಾಶಿಯ ಹತ್ತಿರ ಬಂದ. ಬಲಗೈಯನ್ನು ಟವೆಲಿನಿಂದ ಹೊರಗೆ ತೆಗೆದ. ನೋಡಿದ. ಮತ್ತೆ ಟವೆಲಿನೊಳಗೆ ಸುತ್ತಿಕೊಂಡ.

"ಗೊತ್ತಾಗ್ದಿದ್ರೆ ಬಿಚ್ಚಿ ಹರಡ್ಬೇಕು," ಎಂದ. "ಹಲಗೆ ತಗಂಬಾ."

"ಇಬ್ಬನಿ ಬೀಳ್ತದಲ್ಲ?"

"ಬೀಳ್ಲಿ. ನಾಳೆ ಒಣಗ್ತದೆ."

ಕಟ್ಟಿದ್ದ ಟಾರ್ಪಾಲನ್ನು ಮತ್ತೆ ಬಿಚ್ಚಿದೆವು. ಅವನು ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಹಲಗೆ ಹಾಕಿ ಎಳೆಯತೊಡಗಿದೆವು. ಮೇಲಿನ ಹಣ್ಣು ಸರಿದು ನಡುಭಾಗ ತೆರೆದುಕೊಂಡಾಗ ಒಳಗಿನ ಕಾವು ಎದ್ದು ನನ್ನ ಮುಖಕ್ಕೆ ಬಡಿಯಿತು. ಅಪ್ಪನಿಗೂ ಬಡಿದಿರಬೇಕು. ಹಲಗೆ ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ. ಆಮೇಲೆ ಮತ್ತೆ ಎಳೆದೆವು, ಕಣದ ತುದಿಯವರೆಗೆ, ಒಂದು ಹಣ್ಣಿನ ಮೇಲೆ ಇನ್ನೊಂದು ಕೂರದ ಹಾಗೆ.